ಕಬ್ಬಿಣದ ಉಂಗುರವಾದರೂ ಸರಿ

ಮದುವೆಯ ವಾಗ್ದಾನಕ್ಕೆಂದು ಗಂಡು ಹೆಣ್ಣಿಗೆ ಕೊಡುವ ವಸ್ತು ಕನಿಷ್ಠಪಕ್ಷ ಎಷ್ಟು ಬೆಲೆ ಬಾಳಬೇಕು ಎಂಬುದರ ಮೇಲೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಯೆಹೂದಿ ಪಂಡಿತರ ಎರಡು ಪಂಥಗಳ ನಡುವೆ ಭಿನ್ನಾಭಿಪ್ರಾಯವಿತ್ತು. ಒಂದು ಬೆಳ್ಳಿಯ ದಿನಾರಿನಷ್ಟಾದರೂ ಇರಬೇಕೆಂದು ಶಮ್ಮಾಯಿಯ ಪಂಥದವರು ವಾದಿಸಿದರೆ, ಒಂದು ಪೆರೂಟಾ ಸಾಕೆಂದು ಹಿಲ್ಲೆಲನ ಪಂಥದವರು ಹೇಳಿದರು. ಪೆರೂಟಾ ಎಂದರೆ ಅಂದಿನ ಅತಿ ಸಣ್ಣ ತಾಮ್ರದ ಕಾಸು. ಒಂದು ದಿನಾರಿಗೆ ಅಂಥವು 192. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ ಎಂಬ ಯೆಹೂದಿ ಶಾಸ್ತ್ರಗ್ರಂಥದಲ್ಲಿ ಎರಡೂ ಪಕ್ಷಗಳ ಮಾತು ದಾಖಲಾಗಿದ್ದು, ಮುಂದೆ ಶಾಸ್ತ್ರವಾಗಿ ನಿಂತದ್ದು ಹಿಲ್ಲೆಲನ ಪಂಥದ ಮಾತೇ. ಕಾಸಿನ ಜಾಗಕ್ಕೆ ಉಂಗುರ ಬಂದದ್ದು ಆಮೇಲಿನ ರೂಢಿ. ಆ ಉಂಗುರದಲ್ಲಿ ಹರಳಿರಬಾರದೆಂಬ ಕಟ್ಟುಪಾಡು ಮಧ್ಯಯುಗದ ಪಂಡಿತರದು. ಹರಳಿನ ಬೆಲೆಯನ್ನು ಕಣ್ಣಳತೆಯಲ್ಲಿ ಹೇಳುವುದು ಸಾಮಾನ್ಯರಿಗೆ ಆಗದ ಮಾತಾದ್ದರಿಂದ, ವಧು ಅದನ್ನು ಇರುವುದಕ್ಕಿಂತ ಹೆಚ್ಚಿನ ಬೆಲೆಯದೆಂದು ನಂಬಿ ಒಪ್ಪಿಕೊಂಡರೆ ಆ ಒಪ್ಪಿಗೆಯೇ ಸಂದೇಹಕ್ಕೆ ಗುರಿಯಾಗುತ್ತದೆ ಎಂಬುದು ಅವರ ತರ್ಕ.

ಇಸ್ಲಾಮಿನ ಹದೀಸುಗಳಲ್ಲಿ ಬರುವ ಒಂದು ಪ್ರಸಂಗವೂ ಇದೇ ಜಾಡಿನದು. ಮದುವೆಯಾಗಬಯಸಿದ ಬಡವನೊಬ್ಬನ ಬಳಿ ಮಹರ್, ಅಂದರೆ ವಧುಧನವಾಗಿ ಕೊಡಲು ಏನೂ ಇರಲಿಲ್ಲ. ಹೋಗಿ ಹುಡುಕು, ಕಬ್ಬಿಣದ ಉಂಗುರವಾದರೂ ಸರಿ ಎಂದು ಪ್ರವಾದಿಯವರು ಹೇಳಿದರು. ಅದೂ ಸಿಗದೆ ಅವನು ಬರಿಗೈಯಲ್ಲಿ ಮರಳಿದಾಗ, ಅವನಿಗೆ ಕಂಠಸ್ಥವಾಗಿದ್ದ ಕುರಾನಿನ ಅಧ್ಯಾಯಗಳನ್ನೇ ಆಧಾರವಾಗಿಟ್ಟು ಮದುವೆ ಮಾಡಿಸಲಾಯಿತು. ಕ್ರೈಸ್ತರಲ್ಲಿ, 866ರಲ್ಲಿ ಪೋಪ್ ಒಂದನೆಯ ನಿಕೋಲಸ್ ಅವರು ಬಲ್ಗೇರಿಯದವರ ಪ್ರಶ್ನೆಗಳಿಗೆ ಉತ್ತರವಾಗಿ ಬರೆದ ಪತ್ರದಲ್ಲಿ, ವರನು ವಧುವಿನ ಬೆರಳಿಗೆ ನಂಬಿಕೆಯ ಗುರುತಾಗಿ ಉಂಗುರ ತೊಡಿಸುವ ಪದ್ಧತಿಯನ್ನು ವಿವರಿಸಿ, ಇದನ್ನೆಲ್ಲ ಹೊಂದಿಸಿಕೊಳ್ಳಲಾಗದಷ್ಟು ಬಡತನ ಕೆಲವರಿಗೆ ಇರುವುದರಿಂದ ಇಬ್ಬರ ಸಮ್ಮತಿಯೊಂದಿದ್ದರೆ ಸಾಕೆಂದು ಬೆನ್ನಿಗೇ ಸೇರಿಸಿದ್ದಾರೆ. ಇವೆರಡಕ್ಕೂ ಮೊದಲು, ಒಂದನೆಯ ಶತಮಾನದ ರೋಮಿನಲ್ಲಿ ಚಿನ್ನದ ಹುಚ್ಚು ಹೆಚ್ಚಾಯಿತೆಂದು ಸಿಡಿಮಿಡಿಗೊಂಡಿದ್ದ ಪ್ಲಿನಿ, ನಿಶ್ಚಯವಾದ ಹೆಣ್ಣಿಗೆ ಇಂದಿಗೂ ಕಳುಹಿಸುವುದು ಹರಳಿಲ್ಲದ ಕಬ್ಬಿಣದ ಉಂಗುರವನ್ನೇ ಎಂದು ಬರೆದಿದ್ದಾನೆ.

ಸಂಪ್ರದಾಯದ ಹೆಸರಿನಲ್ಲಿ ಸಾಲ ಮಾಡಿ ಉಂಗುರ ಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಈ ನಾಲ್ಕು ಮಾತುಗಳು. ನಾನು ಬಲ್ಲ ಮಟ್ಟಿಗೆ ಹಳೆಯ ಸಂಪ್ರದಾಯಗಳು ಉಂಗುರದ ರೂಪವನ್ನು ಕುರಿತು, ತೊಡುವ ಕೈ ಬೆರಳುಗಳನ್ನು ಕುರಿತು, ಲೋಹವನ್ನು ಕುರಿತು ಬಹಳ ಖಚಿತವಾಗಿ ಮಾತನಾಡುತ್ತವೆ. ಬೆಲೆಯ ವಿಷಯ ಬಂದಾಗ ಹೆಚ್ಚೆಂದರೆ ಒಂದು ಕನಿಷ್ಠ ಮಿತಿಯನ್ನು ಇಟ್ಟು, ಅದನ್ನೂ ಬಡವನ ಕೈಗೆಟುಕುವಷ್ಟು ಕೆಳಗಿಟ್ಟು, ಸುಮ್ಮನಾಗುತ್ತವೆ. ಇಷ್ಟು ತಿಂಗಳ ಸಂಬಳ ಎಂಬ ಲೆಕ್ಕ ಯಾವ ಧರ್ಮಗ್ರಂಥದಿಂದಲೂ ಯಾವ ಅಜ್ಜಿಯ ಬಾಯಿಂದಲೂ ಬಂದದ್ದಲ್ಲ. ಅದರ ಹುಟ್ಟೂರು ಒಂದು ಜಾಹೀರಾತು ಕಚೇರಿ, ಮತ್ತು ಅದರ ಜಾತಕ ನಮಗೆ ಸಾಕಷ್ಟು ಸ್ಪಷ್ಟವಾಗಿ ಸಿಗುತ್ತದೆ.

ವಜ್ರದ ನಿಶ್ಚಿತಾರ್ಥದ ಉಂಗುರಕ್ಕೆ ಹಳೆಯ ಉದಾಹರಣೆಯಾಗಿ ಎಲ್ಲರೂ ಕೊಡುವುದು 1477ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟದ್ದನ್ನು. ಅದು ರಾಜಕುಮಾರರ ಮಾತು. ಆಗ ಜಗತ್ತಿಗೆ ವಜ್ರ ಬರುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ, ಅದೂ ಬಹಳ ವಿರಳವಾಗಿ. 1839ರಲ್ಲಿ ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ಕೊಟ್ಟದ್ದು ಸಹ ವಜ್ರದ ಒಂಟಿ ಹರಳಿನ ಉಂಗುರವಾಗಿರಲಿಲ್ಲ. ಅದು ಪಚ್ಚೆಯನ್ನು ಕೂರಿಸಿದ ಹಾವಿನಾಕಾರದ ಉಂಗುರವಾಗಿತ್ತು. 1867ರ ನಂತರ ದಕ್ಷಿಣ ಆಫ್ರಿಕಾದಲ್ಲಿ ವಜ್ರದ ನಿಕ್ಷೇಪಗಳು ಒಂದರ ಮೇಲೊಂದರಂತೆ ಸಿಕ್ಕಿ, ಹಿಂದೆಂದೂ ಕಾಣದಷ್ಟು ವಜ್ರ ಮಾರುಕಟ್ಟೆಗೆ ಹರಿದುಬರತೊಡಗಿದಾಗ, ಬೆಲೆ ಬಿದ್ದುಹೋಗದಂತೆ ತಡೆಯುವ ಚಿಂತೆ ಗಣಿ ಮಾಲೀಕರಿಗೆ ಹತ್ತಿತು. 1888ರಲ್ಲಿ ಸ್ಥಾಪನೆಯಾದ ಡಿ ಬಿಯರ್ಸ್ ಕಂಪನಿ ಪೂರೈಕೆಯನ್ನು ತನ್ನ ಮುಷ್ಟಿಗೆ ತೆಗೆದುಕೊಂಡಿತು. ಬೇಡಿಕೆಯನ್ನು ಬೆಳೆಸುವ ಕೆಲಸವನ್ನು 1938ರಲ್ಲಿ ಅಮೆರಿಕದ ಎನ್.ಡಬ್ಲ್ಯು. ಅಯರ್ ಎಂಬ ಜಾಹೀರಾತು ಸಂಸ್ಥೆಗೆ ವಹಿಸಲಾಯಿತು. ವಜ್ರವೆಂದರೆ ಎಂದೆಂದಿಗೂ ಎಂಬ ಅರ್ಥದ ಪ್ರಸಿದ್ಧ ಘೋಷವಾಕ್ಯವನ್ನು 1947ರಲ್ಲಿ ಬರೆದವರು ಆ ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ ಎಂಬುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ವಿವರ.

ಸಂಬಳದ ಅಳತೆಗೋಲು ಬಂದದ್ದು ಈ ಪ್ರಚಾರದ ಬಾಲವಾಗಿಯೇ. 1980ರ ದಶಕದ ಅಮೆರಿಕದ ಜಾಹೀರಾತುಗಳು ಎರಡು ತಿಂಗಳ ಸಂಬಳವನ್ನು ಕೇಳಿದರೆ, ಜಪಾನಿನಲ್ಲಿ ಅದೇ ಡಿ ಬಿಯರ್ಸ್ ಕಂಪನಿ ಮೂರು ತಿಂಗಳ ಸಂಬಳವನ್ನು ಕೇಳಿತು. ಒಂದೇ ಸಂಪ್ರದಾಯ ಎರಡು ದೇಶಗಳಲ್ಲಿ ಎರಡು ದರ ಹೇಳುತ್ತದೆಂದರೆ ಅದು ಸಂಪ್ರದಾಯವೋ ದರಪಟ್ಟಿಯೋ ಎಂದು ಓದುಗರೇ ನಿರ್ಧರಿಸಬಹುದು.

ಜಪಾನಿನ ಕಥೆಯ ಮುಂದೆ ತುಸು ನಿಲ್ಲಬೇಕು. ಅಲ್ಲಿ ಯುಯಿನೊ ಎಂಬ ನಿಶ್ಚಯದ ವಿಧಿ ಮೊದಲೇ ಇತ್ತು. ಎರಡು ಮನೆತನಗಳ ನಡುವೆ ವಿಧಿವತ್ತಾಗಿ ಕೊಡುವ ವಸ್ತುಗಳಲ್ಲಿ ಬೀಸಣಿಗೆ, ಒಣಗಿಸಿದ ಕಡಲಪಾಚಿ, ಬಿಳಿಯ ಸೆಣಬಿನ ನಾರಿನ ಕಟ್ಟು ಇರುತ್ತಿದ್ದವು. ಬಿಡಿಸಿದಂತೆ ಅಗಲವಾಗುವ ಬೀಸಣಿಗೆ ಮುಂದಿನ ಅಭಿವೃದ್ಧಿಯ ಸಂಕೇತವಾದರೆ, ಬಿಳಿಯ ನಾರು ಇಬ್ಬರ ತಲೆಯೂ ನರೆಯುವವರೆಗೆ ಕೂಡಿ ಬಾಳಲಿ ಎಂಬ ಹಾರೈಕೆ. ಇವುಗಳ ಜೊತೆಗೆ ಹಣದ ಲಕೋಟೆಯೂ ಇರುತ್ತಿತ್ತಾದ್ದರಿಂದ ಆ ವಿಧಿ ಪುಕ್ಕಟೆಯದಾಗಿತ್ತೆಂದು ನಾನು ಹೇಳಲಾರೆ. ಆದರೆ ವಜ್ರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1967ರಲ್ಲಿ ಪ್ರಚಾರ ಆರಂಭವಾದಾಗ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಪಡೆಯುತ್ತಿದ್ದ ಜಪಾನಿ ಹೆಣ್ಣುಮಕ್ಕಳು ಶೇ. 5ಕ್ಕಿಂತ ಕಡಿಮೆ, 1981ರ ಹೊತ್ತಿಗೆ ಅದು ಶೇ. 60ರಷ್ಟಾಯಿತು. ಒಂದು ತಲೆಮಾರು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಹಿಂದಿನಿಂದ ನಡೆದುಬಂದದ್ದು ಎನ್ನಿಸಿಕೊಳ್ಳುವ ಪದ್ಧತಿಗಳು ಎಷ್ಟು ಬೇಗ ಹುಟ್ಟಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಎಲ್ಲವನ್ನೂ ಜಾಹೀರಾತಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅಮೆರಿಕದಲ್ಲಿ ಮದುವೆಯ ಮಾತು ಕೊಟ್ಟು ತಪ್ಪಿದವನ ಮೇಲೆ ಹೆಣ್ಣು ದಾವೆ ಹೂಡಲು ಹಿಂದೆ ಅವಕಾಶವಿತ್ತು. 1935ರಲ್ಲಿ ಇಂಡಿಯಾನಾ ರಾಜ್ಯದಿಂದ ಮೊದಲ್ಗೊಂಡು ಒಂದೊಂದೇ ರಾಜ್ಯ ಆ ಹಕ್ಕನ್ನು ರದ್ದುಮಾಡಿತು. ವಜ್ರದ ಉಂಗುರಕ್ಕೆ ಬೇಡಿಕೆ ಏರತೊಡಗಿದ್ದು ಆ ಹೊತ್ತಿನಲ್ಲೇ, ಅಂದರೆ ಅಯರ್ ಸಂಸ್ಥೆಯ ಪ್ರಚಾರಕ್ಕೂ ಸ್ವಲ್ಪ ಮೊದಲೇ ಎಂಬುದನ್ನು ಗುರುತಿಸಿದ ಕಾನೂನು ವಿದ್ವಾಂಸೆ ಮಾರ್ಗರೆಟ್ ಬ್ರಿನಿಗ್, 1990ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ನ್ಯಾಯಾಲಯ ಕೊಡುತ್ತಿದ್ದ ಭದ್ರತೆಯ ಜಾಗವನ್ನು ಬೆಲೆಬಾಳುವ ಉಂಗುರ ತುಂಬಿತು ಎಂದು ವಾದಿಸಿದರು. ದುಬಾರಿ ಉಂಗುರ ಒಂದು ಬಗೆಯ ಜಾಮೀನು: ಮಾತು ಮುರಿದವನಿಗೆ ನಷ್ಟ, ಕೈಬಿಡಲ್ಪಟ್ಟವಳಿಗೆ ಒಂದಿಷ್ಟು ಆಸರೆ. ಈ ವಾದವನ್ನು ಒಪ್ಪಿದರೂ ಇಂದಿನ ಜೋಡಿಗೆ ಅದರಿಂದ ಬರುವ ಪಾಠ ಬೇರೆಯೇ. ಇಬ್ಬರೂ ದುಡಿಯುವ, ಇಬ್ಬರೂ ಕೂಡಿ ಮನೆ ಕಟ್ಟುವ ಸಂಬಂಧದಲ್ಲಿ ಒಬ್ಬನ ಜಾಮೀನು ಇನ್ನೊಬ್ಬಳ ಬೆರಳಲ್ಲಿರಬೇಕಾದ ಅಗತ್ಯ ಕಡಿಮೆ. ಆ ಜಾಮೀನಿಗೆಂದು ಮಾಡಿದ ಸಾಲದ ಕಂತು ಮದುವೆಯಾದ ಮೇಲೆ ಇಬ್ಬರ ತಲೆಯ ಮೇಲೂ ಬೀಳುತ್ತದೆ.

ಎಮೊರಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಫ್ರಾನ್ಸಿಸ್-ಟ್ಯಾನ್ ಮತ್ತು ಹ್ಯೂಗೊ ಮಿಯಾಲನ್ 2014ರಲ್ಲಿ, ಮದುವೆಯಾದ ಅನುಭವವಿದ್ದ 3000ಕ್ಕೂ ಹೆಚ್ಚು ಅಮೆರಿಕನ್ನರನ್ನು ವಿಚಾರಿಸಿ, ಉಂಗುರಕ್ಕೆ 500ರಿಂದ 2000 ಡಾಲರ್ ವ್ಯಯಿಸಿದ ಗಂಡಸರಿಗೆ ಹೋಲಿಸಿದರೆ 2000ದಿಂದ 4000 ಡಾಲರ್ ವ್ಯಯಿಸಿದವರಲ್ಲಿ ವಿಚ್ಛೇದನದ ಸಂಭವ 1.3 ಪಟ್ಟು ಇತ್ತೆಂದು ಕಂಡುಕೊಂಡರು. ದುಬಾರಿ ಉಂಗುರವೇ ಮದುವೆಯನ್ನು ಮುರಿಯಿತೆಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಹೆಚ್ಚು ಖರ್ಚು ಮಾಡಿದಷ್ಟೂ ಸಂಬಂಧ ಗಟ್ಟಿ ಎಂಬ ಮಾರಾಟಗಾರರ ಸೂಚನೆಗೆ ಈ ಅಂಕಿಗಳಲ್ಲಿ ಬೆಂಬಲವಿಲ್ಲ ಎಂದಂತೂ ಹೇಳಬಹುದು.

ಈಗ ಉಂಗುರಗಳ ಕಡೆಗೆ ಬರೋಣ. ಗಂಡು ಮಂಡಿಯೂರಿ ಹೆಣ್ಣಿಗೆ ಹರಳಿನ ಉಂಗುರ ಕೊಡುವ ಚಿತ್ರವನ್ನೇ ನೋಡಿ ನೋಡಿ ಅಭ್ಯಾಸವಾದವರಿಗೆ, ಪಾಶ್ಚಾತ್ಯ ದೇಶಗಳಲ್ಲಿಯೇ ಇದಕ್ಕಿಂತ ಸರಳವಾದ ಪದ್ಧತಿಗಳು ಎಷ್ಟೊಂದಿವೆ ಎಂಬುದು ತಿಳಿದಿರುವುದಿಲ್ಲ. ಜರ್ಮನಿಯ ಹಳೆಯ ಪದ್ಧತಿಯಲ್ಲಿ ಗಂಡು ಹೆಣ್ಣು ಇಬ್ಬರೂ ನಿಶ್ಚಿತಾರ್ಥದಂದು ಎಡಗೈಗೆ ಸಾದಾ ಉಂಗುರ ತೊಟ್ಟು, ಮದುವೆಯ ದಿನ ಅದನ್ನೇ ಬಲಗೈಗೆ ಬದಲಾಯಿಸಿಕೊಳ್ಳುತ್ತಾರೆ. ಬ್ರೆಜಿಲಿನಲ್ಲಿ ಇದು ತಿರುಗುಮುರುಗು: ನಿಶ್ಚಯವಾದಾಗ ಬಲಗೈ, ಮದುವೆಯಾದಾಗ ಎಡಗೈ. ಸ್ವೀಡನ್ನಿನಲ್ಲಿಯೂ ಇಬ್ಬರೂ ಸಾದಾ ಚಿನ್ನದ ಉಂಗುರ ತೊಡುವ ರೂಢಿಯಿದೆ. ಖರ್ಚಿನ ದೃಷ್ಟಿಯಿಂದ ನೋಡಿದರೆ ಜರ್ಮನ್ ಮತ್ತು ಬ್ರೆಜಿಲಿಯನ್ ಪದ್ಧತಿಗಳ ಜಾಣ್ಮೆ ಎದ್ದು ಕಾಣುತ್ತದೆ. ಒಂದೇ ಉಂಗುರ ಎರಡು ಕೆಲಸ ಮಾಡುತ್ತದೆ, ಹರಳಿನ ಗೊಡವೆಯಿಲ್ಲ, ಮತ್ತು ಖರ್ಚು ಇಬ್ಬರಿಗೂ ಹಂಚಿಹೋಗುತ್ತದೆ.

ನನ್ನ ಪರಿಚಯದ ಒಂದು ಜೋಡಿಯಲ್ಲಿ ಹುಡುಗಿ ಬ್ರೆಜಿಲಿನವಳು, ಹುಡುಗ ಬೇರೆ ದೇಶದವನು. ಅವನು ವಜ್ರದ ಉಂಗುರಕ್ಕೆಂದು ಹಣ ಕೂಡಿಡುತ್ತಿದ್ದ. ವಿಷಯ ತಿಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಹಾಗಾದರೆ ನಿನ್ನ ಉಂಗುರ ಎಲ್ಲಿ ಎಂಬುದು. ಅವಳ ಮನೆಯವರ ಕಣ್ಣಿಗೆ ಅವನ ಬರಿಬೆರಳು ಅರೆಮನಸ್ಸಿನ ಗುರುತಾಗಿ ಕಾಣುತ್ತಿತ್ತು. ಅವನ ತಾಯಿಯ ಕಣ್ಣಿಗೆ ಹರಳಿಲ್ಲದ ಉಂಗುರ ಅದೇ ಅರೆಮನಸ್ಸಿನ ಗುರುತು. ಕೊನೆಗೆ 14 ಕ್ಯಾರಟ್ಟಿನ ಎರಡು ಸಾದಾ ಉಂಗುರಗಳನ್ನು ಮಾಡಿಸಿ, ಅವಳದರ ಮೈಯಲ್ಲಿ ಒಂದು ಪುಟ್ಟ ನೀಲಮಣಿಯನ್ನು ಮೇಲ್ಮೈಗೆ ಸಮವಾಗಿ ಕೂರಿಸಿದರು. ಕೂಡಿಟ್ಟ ಹಣದಲ್ಲಿ ಹೆಚ್ಚುಪಾಲು ಉಳಿಯಿತು. ಇಬ್ಬರ ಹಿರಿಯರಿಗೂ ತಮ್ಮ ತಮ್ಮ ಕಡೆಯ ಪದ್ಧತಿ ನಡೆಯಿತೆಂಬ ಸಮಾಧಾನ ಸಿಕ್ಕಿತು. ಎರಡು ಸಂಪ್ರದಾಯಗಳು ಎದುರಾದಾಗ ಎರಡರದೂ ಖರ್ಚು ಕೂಡಲೇಬೇಕೆಂದಿಲ್ಲ. ಪ್ರತಿಯೊಂದೂ ಕಡ್ಡಾಯವಾಗಿ ಕೇಳುವುದು ಏನನ್ನು, ರೂಢಿಯಿಂದ ಅಂಟಿಕೊಂಡದ್ದು ಯಾವುದು ಎಂದು ಎರಡೂ ಮನೆಗಳವರನ್ನು ಕೂರಿಸಿ ಕೇಳಿದರೆ, ಕಡ್ಡಾಯದ ಪಟ್ಟಿ ನಾವೆಣಿಸಿದ್ದಕ್ಕಿಂತ ಬಹಳ ಚಿಕ್ಕದಾಗಿರುತ್ತದೆ.

ಆ ಪಟ್ಟಿಯಲ್ಲಿ ಮೊದಲು ವಿಚಾರಿಸಬೇಕಾದದ್ದು ಲೋಹ. ಗಂಡಸರು ಚಿನ್ನ ತೊಡಬಾರದೆಂಬುದು ಬಹುಪಾಲು ಮುಸ್ಲಿಂ ವಿದ್ವಾಂಸರ ನಿಲುವು, ಬೆಳ್ಳಿಗೆ ಅಡ್ಡಿಯಿಲ್ಲ. ಇಲ್ಲಿ ಅನೇಕರು ಎಡವುವುದು ಬಿಳಿಚಿನ್ನದ ವಿಷಯದಲ್ಲಿ. ನೋಡಲು ಬೆಳ್ಳಿಯಂತಿದ್ದರೂ ಅದು ಚಿನ್ನಕ್ಕೆ ಪಲ್ಲಾಡಿಯಮ್ಮನ್ನೋ ನಿಕ್ಕಲ್ಲನ್ನೋ ಬೆರೆಸಿ, ಮೇಲೆ ರೋಡಿಯಮ್ಮಿನ ಲೇಪ ಕೊಟ್ಟದ್ದು. ಧಾರ್ಮಿಕ ಕಾರಣಕ್ಕೆ ಚಿನ್ನ ಬೇಡವೆನ್ನುವವರಿಗೆ ಅದು ಪರಿಹಾರವಾಗುವುದಿಲ್ಲ. ನಿಕ್ಕಲ್ ಬೆರೆಸಿದ್ದಾದರೆ, ನಿಕ್ಕಲ್ ಒಗ್ಗದ ಚರ್ಮದವರಿಗೂ ಅದು ಆಗಿಬರುವುದಿಲ್ಲ. ಲೇಪ ಸವೆದಂತೆ ಮತ್ತೆ ಮತ್ತೆ ಹಾಕಿಸುವ ಖರ್ಚೂ ಇದೆ. ಯೆಹೂದಿ ವಿಧಿಯ ಉಂಗುರ ವರನ ಸ್ವಂತದ್ದಾಗಿರಬೇಕು, ಸಾದಾ ಆಗಿರಬೇಕು; ವಿಧಿಯ ಸಮಯದಲ್ಲಿ ಅದನ್ನು ತೊಡಿಸುವುದು ಬಲಗೈಯ ತೋರುಬೆರಳಿಗೆ. ಅನೇಕ ಯೆಹೂದಿ ಜೋಡಿಗಳು ಬೇರೆಯಾಗಿ ಹರಳಿನ ಉಂಗುರವನ್ನೂ ಕೊಳ್ಳುತ್ತಾರೆ, ಆದರೆ ಶಾಸ್ತ್ರದ ದೃಷ್ಟಿಯಿಂದ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆಮಿಶ್ ಸಮುದಾಯದಂತಹ ಕೆಲವು ಕ್ರೈಸ್ತ ಪಂಗಡಗಳಿಗೆ ಉಂಗುರವೇ ಬೇಡ; ಅಲ್ಲಿ ಮದುವೆಯಾದ ಗಂಡಸಿನ ಗುರುತು ಗಡ್ಡ. ಇದಕ್ಕಿಂತ ಅಗ್ಗವಾದದ್ದನ್ನು ನಾನು ಸೂಚಿಸಲಾರೆ.

ಉಂಗುರದ ಬೆರಳಿನಿಂದ ಹೃದಯಕ್ಕೆ ನೇರವಾದ ಒಂದು ಸಂಪರ್ಕವಿದೆ ಎಂಬ ಮಾತನ್ನು ಅಂಗಡಿಗಳಲ್ಲಿ ಇಂದಿಗೂ ಕೇಳಬಹುದು. ಎರಡನೆಯ ಶತಮಾನದ ರೋಮನ್ ಲೇಖಕ ಆಲಸ್ ಗೆಲಿಯಸ್, ಶವಗಳನ್ನು ಕೊಯ್ದು ನೋಡಿದ ಈಜಿಪ್ಟಿನವರು ಎಡಗೈಯ ಆ ಬೆರಳಿನಿಂದ ಹೃದಯಕ್ಕೆ ಹೋಗುವ ತೆಳುವಾದ ನರವೊಂದನ್ನು ಕಂಡರೆಂದು ಬರೆದಿದ್ದಾನೆ. ಅಂಥ ವಿಶೇಷ ನರವೂ ಇಲ್ಲ, ರಕ್ತನಾಳವೂ ಇಲ್ಲ. ಪೋಲೆಂಡ್, ರಷ್ಯಾ, ನಾರ್ವೆ, ಗ್ರೀಸ್ ದೇಶಗಳಲ್ಲಿ ಮದುವೆಯ ಉಂಗುರವನ್ನು ಬಲಗೈಗೆ ತೊಟ್ಟವರ ಸಂಸಾರಗಳು ಎಂದಿನಂತೆ ನಡೆದುಕೊಂಡು ಹೋಗುತ್ತಿವೆ.

ಹರಳಿಲ್ಲದೆಯೂ ಅರ್ಥವನ್ನು ಹೊತ್ತ ಉಂಗುರಗಳನ್ನು ಹುಡುಕುವವರಿಗೆ ಹಳೆಯ ಯೂರೋಪು ಒಂದು ಉಗ್ರಾಣವಿದ್ದಂತೆ. ಐರ್ಲೆಂಡಿನ ಗಾಲ್ವೇ ಪಟ್ಟಣದ ಪಕ್ಕದ ಮೀನುಗಾರರ ಹಳ್ಳಿಯೊಂದರ ಹೆಸರನ್ನು ಹೊತ್ತ ಕ್ಲಾಡಾ ಉಂಗುರದಲ್ಲಿ ಎರಡು ಕೈಗಳು ಕಿರೀಟವಿರುವ ಒಂದು ಹೃದಯವನ್ನು ಹಿಡಿದಿರುತ್ತವೆ. ಅದನ್ನು ತೊಡುವ ರೀತಿಗೇ ಒಂದು ಭಾಷೆಯಿದೆ: ಎಡಗೈಯಲ್ಲಿ ಹೃದಯದ ತುದಿ ಹೊರಮುಖವಾಗಿದ್ದರೆ ನಿಶ್ಚಯವಾಗಿದೆ, ಒಳಮುಖವಾಗಿದ್ದರೆ ಮದುವೆಯಾಗಿದೆ. ಹೀಗಾಗಿ ಅದೇ ಉಂಗುರವನ್ನು ಮದುವೆಯ ದಿನ ಹಿಂದುಮುಂದು ಮಾಡಿ ತೊಟ್ಟರೆ ಸಾಕು, ಇನ್ನೊಂದನ್ನು ಕೊಳ್ಳಬೇಕಿಲ್ಲ. ಬೆಳ್ಳಿಯಲ್ಲಿ ಮಾಡಿಸಿದರೂ ಅದರ ಅರ್ಥಕ್ಕೆ ಚ್ಯುತಿ ಬರುವುದಿಲ್ಲ. 16ನೆಯ ಮತ್ತು 17ನೆಯ ಶತಮಾನಗಳಲ್ಲಿ ಪ್ರಚಾರದಲ್ಲಿದ್ದ ಗಿಮ್ಮೆಲ್ ಉಂಗುರಗಳು ಒಂದರೊಳಗೊಂದು ಹೆಣೆದುಕೊಳ್ಳುವ ಎರಡು ಬಳೆಗಳಿಂದಾದವು. ಕೂಡಿಸಿದಾಗ ಎರಡು ಕೈಗಳು ಒಂದನ್ನೊಂದು ಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ ಉಂಗುರದ ಒಳಮೈಯಲ್ಲಿ, ತೊಟ್ಟವರಿಗೆ ಮಾತ್ರ ಗೊತ್ತಿರುವಂತೆ, ಒಂದು ಸಾಲಿನ ಪದ್ಯವನ್ನು ಕೆತ್ತಿಸುವ ರೂಢಿ ಬಹುಕಾಲ ಇತ್ತು. ವೇಲ್ಸಿನ ಹುಡುಗರಂತೂ ಮರದ ತುಂಡಿನಿಂದ ಚಮಚ ಕೆತ್ತಿ ಕೊಡುತ್ತಿದ್ದರು. ಕಾರ್ಡಿಫ್ ಬಳಿಯ ಸೇಂಟ್ ಫೇಗನ್ಸ್ ಸಂಗ್ರಹಾಲಯದಲ್ಲಿ 1667ರ ಇಸವಿ ಕೆತ್ತಿರುವ ಅಂಥದ್ದೊಂದು ಇದೆ. ನನಗೆ ಇವುಗಳಲ್ಲೆಲ್ಲ ಹೆಚ್ಚು ಪ್ರಿಯವಾದದ್ದು ಒಳಗೆ ಕೆತ್ತಿಸುವ ಪದ್ಧತಿ. ಯಾವ ಸಂಪ್ರದಾಯಕ್ಕೂ ಅದರಿಂದ ಭಂಗವಿಲ್ಲ, ಖರ್ಚು ಅತ್ಯಲ್ಪ.

ಚಿನ್ನವನ್ನೇ ಆರಿಸಿದವರ ಮುಂದಿನ ಪ್ರಶ್ನೆ ಶುದ್ಧತೆಯದು. 22 ಕ್ಯಾರಟ್ ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ, 18 ಎಂದರೆ 750, 14 ಎಂದರೆ 585, 9 ಎಂದರೆ 375. ಜರ್ಮನಿಯಲ್ಲಿ 333 ಮುದ್ರೆಯ, ಮೂರನೆಯ ಒಂದು ಪಾಲು ಮಾತ್ರ ಚಿನ್ನವಿರುವ ಉಂಗುರಗಳೂ ಚಿನ್ನದ ಉಂಗುರಗಳಾಗಿಯೇ ಮಾರಾಟವಾಗುತ್ತವೆ. ದಕ್ಷಿಣ ಏಷ್ಯಾ ಮತ್ತು ಅರಬ್ ನಾಡುಗಳ ಹಿರಿಯರು ಅದನ್ನು ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟಾರು. ಚಿನ್ನವನ್ನು ಆಪತ್ತಿಗಾಗುವ ಗಂಟಾಗಿ ಕಾಣುವ ಮನೆತನಗಳಿಗೂ ನಿತ್ಯ ತೊಡುವ ಆಭರಣವಾಗಿ ಮಾತ್ರ ಕಾಣುವ ಮನೆತನಗಳಿಗೂ ಇರುವ ಈ ಅಂತರವನ್ನು ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು. ನನ್ನ ಸಲಹೆ ಸರಳವಾಗಿದೆ. ಶುದ್ಧ ಚಿನ್ನವೇ ಬೇಕೆನ್ನುವವರು ಹರಳಿಲ್ಲದ, ತೆಳುವಾದ ಉಂಗುರಕ್ಕೆ ಹೋಗಲಿ. ಹರಳು ಬೇಕೆನ್ನುವವರು 14 ಅಥವಾ 18 ಕ್ಯಾರಟ್ಟಿನದನ್ನು ಆರಿಸಲಿ, ಏಕೆಂದರೆ ಚಿನ್ನ ಶುದ್ಧವಾದಷ್ಟೂ ಮೆದು, ಮತ್ತು ಮೆದುವಾದ ಲೋಹದ ಕೊಕ್ಕೆಗಳು ಬೇಗ ಸವೆದು ಹರಳನ್ನು ಬಿಟ್ಟುಬಿಡುತ್ತವೆ. ಪ್ಲಾಟಿನಂ ಚಿನ್ನಕ್ಕಿಂತ ಸಾಂದ್ರವಾದದ್ದು, ಸಾಮಾನ್ಯವಾಗಿ 950ರ ಶುದ್ಧತೆಯಲ್ಲಿ ಬರುವಂಥದ್ದು. ಆದ್ದರಿಂದ ಒಂದೇ ಅಳತೆಯ ಉಂಗುರಕ್ಕೆ ಹೆಚ್ಚು ತೂಕದ ಲೋಹ ಹಿಡಿಯುತ್ತದೆ ಎಂಬುದನ್ನು ಗ್ರಾಂ ದರ ಹೋಲಿಸುವವರು ಮರೆಯಬಾರದು.

ಹರಳುಗಳಲ್ಲಿ ಅಗ್ಗದ್ದನ್ನು ಹುಡುಕುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಗಟ್ಟಿತನ. ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಮಣಿಗಳಿಗೆ 9, ಸ್ಪಿನೆಲ್ಲಿಗೆ 8. ಗಾಳಿಯ ಧೂಳಿನಲ್ಲಿ 7ರ ಗಟ್ಟಿತನದ ಸ್ಫಟಿಕದ ಕಣಗಳಿರುವುದರಿಂದ, ಅದಕ್ಕಿಂತ ಮೆದುವಾದ ಹರಳನ್ನು ದಿನವೂ ಒರೆಸಿದರೆ ಸಾಕು, ಗೀರು ಬೀಳುತ್ತದೆ. ಮುತ್ತಾಗಲಿ ಓಪಲ್ ಆಗಲಿ ಕಿವಿಯೋಲೆಗೆ ಸೊಗಸು. ಪಾತ್ರೆ ತೊಳೆಯುವ, ಕೀಲಿಮಣೆ ಕುಟ್ಟುವ, ಬಸ್ಸಿನ ಕಂಬಿ ಹಿಡಿಯುವ ಕೈಗೆ ಅವು ತಾಳುವುದಿಲ್ಲ. ಪಚ್ಚೆ ಅಂಕಿಯಲ್ಲಿ ಗಟ್ಟಿಯಿದ್ದರೂ ಒಳಗಿನ ಬಿರುಕುಗಳಿಂದಾಗಿ ಪೆಟ್ಟು ಬಿದ್ದರೆ ಸೀಳುತ್ತದೆ. ನಿತ್ಯದ ಬಳಕೆಗೂ ಮಿತವಾದ ಹಣಕ್ಕೂ ನೀಲಮಣಿಯಷ್ಟು ಹೊಂದುವ ಹರಳು ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ. ಮೊಯ್ಸನೈಟ್ ಎಂಬ ಸಿಲಿಕಾನ್ ಕಾರ್ಬೈಡಿನ ಹರಳೂ ಇದೆ. ಆನ್ರಿ ಮೊಯ್ಸಾನ್ ಎಂಬ ರಸಾಯನಶಾಸ್ತ್ರಜ್ಞ 1893ರಲ್ಲಿ ಅರಿಜೋನಾದ ಉಲ್ಕೆಯ ಕುಳಿಯಿಂದ ತಂದ ಮಾದರಿಯಲ್ಲಿ ಇದನ್ನು ಕಂಡ. ಈಗ ಪ್ರಯೋಗಾಲಯಗಳಲ್ಲಿ ತಯಾರಾಗುವ ಅದರ ಗಟ್ಟಿತನ 9.25. ಬೆಳಕಿನಲ್ಲಿ ಅದು ವಜ್ರಕ್ಕಿಂತ ಹೆಚ್ಚಾಗಿ ಕಾಮನಬಿಲ್ಲಿನ ಬಣ್ಣಗಳನ್ನು ಚೆಲ್ಲುತ್ತದೆ. ಕೆಲವರಿಗೆ ಅದೇ ಇಷ್ಟ, ನನ್ನ ಕಣ್ಣಿಗೆ ಸ್ವಲ್ಪ ಅತಿಯಾಯಿತು.

ವಜ್ರವೇ ಬೇಕೆಂದರೂ ದಾರಿಗಳಿವೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1954ರ ಡಿಸೆಂಬರಿನಲ್ಲಿ ಮನುಷ್ಯರು ವಜ್ರವನ್ನು ತಯಾರಿಸಿದರು. ಇಂದು ಪ್ರಯೋಗಾಲಯದಲ್ಲಿ ಬೆಳೆಸುವ ವಜ್ರ ರಾಸಾಯನಿಕವಾಗಿ ಗಣಿಯ ವಜ್ರದಂಥದ್ದೇ. ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. 2018ರಲ್ಲಿ ಡಿ ಬಿಯರ್ಸ್ ತಾನೇ ಇಂಥ ವಜ್ರಗಳನ್ನು ಒಂದು ಕ್ಯಾರಟ್ ತೂಕಕ್ಕೆ 800 ಡಾಲರಿನಂತೆ ಮಾರಲು ಮುಂದಾದದ್ದು ಒಂದು ತಿರುವು. ನಂತರ ಬೆಲೆಗಳು ಎಷ್ಟು ಕುಸಿದವೆಂದರೆ, 2025ರಲ್ಲಿ ಆ ವಿಭಾಗವನ್ನು ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಇದರರ್ಥ ಕೊಳ್ಳುವವರಿಗೆ ಲಾಭ, ಮರಳಿ ಮಾರುವವರಿಗೆ ಏನೂ ಇಲ್ಲ. ಗಣಿಯ ವಜ್ರವನ್ನು ಮರಳಿ ಮಾರಲು ಹೋದರೂ ಕೊಟ್ಟ ಬೆಲೆಗಿಂತ ಬಹಳ ಕಡಿಮೆಯೇ ಸಿಗುವುದರಿಂದ, ಹೂಡಿಕೆಯ ಮಾತನ್ನಾಡಿ ಮನವೊಲಿಸುವ ಮಾರಾಟಗಾರನಿಗೆ ಕಿವಿಗೊಡದಿರುವುದು ಲೇಸು. ಗಣಿಯದನ್ನೇ ಕೊಳ್ಳುವವರಿಗೆ ಒಂದು ಕಿವಿಮಾತು: ಬೆಲೆ ಅರ್ಧ ಕ್ಯಾರಟ್, ಒಂದು ಕ್ಯಾರಟ್ ಎಂಬ ದುಂಡು ಅಂಕಿಗಳ ಬಳಿ ಜಿಗಿಯುತ್ತದೆ. ಒಂದು ಕ್ಯಾರಟ್ಟಿನ, ಅಂದರೆ 0.2 ಗ್ರಾಂ ತೂಕದ ದುಂಡು ವಜ್ರದ ಅಗಲ ಸುಮಾರು 6.5 ಮಿಲಿಮೀಟರ್, 0.9 ಕ್ಯಾರಟ್ಟಿನದು ಸುಮಾರು 6.2. ಆ ಕೂದಲೆಳೆಯಷ್ಟರ ವ್ಯತ್ಯಾಸಕ್ಕೆ ಯಾಕೆ ದುಡ್ಡು ಸುರಿಯಬೇಕು? ಉಳಿದದ್ದನ್ನು ಹರಳಿಗೆ ಮುಖಗಳನ್ನು ಕತ್ತರಿಸಿದ ಗುಣಮಟ್ಟಕ್ಕೆ ಹಾಕಿದರೆ ಅದು ಹೆಚ್ಚು ಹೊಳೆಯುತ್ತದೆ. 2003ರಿಂದ ಜಾರಿಯಲ್ಲಿರುವ ಕಿಂಬರ್ಲಿ ಪ್ರಕ್ರಿಯೆಯ ಪ್ರಮಾಣಪತ್ರದ ಮಾತೂ ಬರುತ್ತದೆ. ಬಂಡುಕೋರ ಪಡೆಗಳಿಗೆ ಹಣ ಒದಗಿಸುವ ವಜ್ರಗಳನ್ನು ತಡೆಯುವುದಷ್ಟೇ ಅದರ ಗುರಿ. ಗಣಿ ಕಾರ್ಮಿಕರ ಕೂಲಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎಲ್ಲಕ್ಕಿಂತ ಅಗ್ಗವಾದದ್ದು ಮನೆಯಲ್ಲಿಯೇ ಇರುವ ಹಳೆಯ ಉಂಗುರ, ಅಥವಾ ಬೇರೆಯವರು ತೊಟ್ಟು ಬಿಟ್ಟದ್ದು. ಅಂಥದ್ದನ್ನು ಕೊಳ್ಳುವ ಮುನ್ನ ಅಕ್ಕಸಾಲಿಗರ ಹತ್ತುಪಟ್ಟಿನ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಒಮ್ಮೆ ಸಾವಕಾಶವಾಗಿ ತಿರುಗಿಸಿ ನೋಡಬೇಕು. ನಾನು ಹೀಗೆ ನೋಡಿದ ಒಂದು ಉಂಗುರದ ಒಳಮೈಯಲ್ಲಿ 585 ಎಂಬ ಮುದ್ರೆ ಅರ್ಧ ಸವೆದಿತ್ತು. ಅದರ ಪಕ್ಕದಲ್ಲಿ ತಯಾರಕರ ಗುರುತು, ಹಿಂಭಾಗದಲ್ಲಿ ಅಡ್ಡಲಾಗಿ ಹಾದುಹೋದ ತೆಳುವಾದ ಬೆಸುಗೆಯ ಗೆರೆ. ಅಂದರೆ ಯಾರೋ ಒಮ್ಮೆ ಅಳತೆ ಬದಲಾಯಿಸಿದ್ದರು. ಹರಳನ್ನು ಹಿಡಿದ ನಾಲ್ಕು ಕೊಕ್ಕೆಗಳಲ್ಲಿ ಮೂರರ ತುದಿ ದುಂಡಗಿದ್ದು, ನಾಲ್ಕನೆಯದು ಬಟ್ಟೆಗೆ ಸಿಕ್ಕಿ ಸಿಕ್ಕಿ ಚಪ್ಪಟೆಯಾಗಿ, ಹರಳಿನಿಂದ ಒಂದು ಎಳೆಯಷ್ಟು ದೂರ ಸರಿದಿತ್ತು. ಆ ಒಂದು ಕೊಕ್ಕೆಯನ್ನು ಸರಿಪಡಿಸುವುದು ಸಣ್ಣ ಕೆಲಸ, ಸರಿಪಡಿಸದಿದ್ದರೆ ಕಳೆಯುವುದು ಹರಳು. ಇಂಥ ಚಿಂತೆಯೇ ಬೇಡವೆನ್ನುವವರು ಸುತ್ತಲೂ ಲೋಹದ ಅಂಚಿನಿಂದ ಬಂಧಿಸಿದ ಹರಳಿನ ಉಂಗುರವನ್ನು ನೋಡಬಹುದು. ಹರಳು ತುಸು ಚಿಕ್ಕದಾಗಿ ಕಂಡೀತು, ಆದರೆ ಕೈಗವಸಿಗೂ ಕೂದಲಿಗೂ ಸಿಕ್ಕಿಕೊಳ್ಳುವುದಿಲ್ಲ.

ಅಳತೆಯ ವಿಷಯವನ್ನು ಜನ ಕೊನೆಗೆ ಯೋಚಿಸುತ್ತಾರೆ, ಕೈ ಬದಲಿಸುವ ಸಂಪ್ರದಾಯದವರು ಮಾತ್ರ ಅದನ್ನು ಮೊದಲೇ ಯೋಚಿಸಬೇಕು. ಬಲಗೈ ಬಳಸುವವರ ಬಲಗೈ ಬೆರಳು ಸಾಮಾನ್ಯವಾಗಿ ಎಡಗೈಯದಕ್ಕಿಂತ ತುಸು ದಪ್ಪ. ಅದರ ಮೇಲೆ, ಚಳಿಯಲ್ಲಿ ಬೆರಳು ಸೊರಗುತ್ತದೆ, ಸೆಖೆಯಲ್ಲಿ ಊದುತ್ತದೆ. ಜರ್ಮನ್ ಪದ್ಧತಿಯವರ ಎಡಗೈ ಉಂಗುರ ಮದುವೆಯ ದಿನ ಬಲಗೈಗೆ ಬಿಗಿಯಾಗಬಹುದು. ಬ್ರೆಜಿಲಿನವರದು ಎಡಗೈಯಲ್ಲಿ ಸಡಿಲವಾಗಿ ಜಾರಬಹುದು. ಟೈಟಾನಿಯಂ, ಟಂಗ್‌ಸ್ಟನ್ ಕಾರ್ಬೈಡ್ ಉಂಗುರಗಳು ಅಗ್ಗವಾಗಿ ಸಿಕ್ಕರೂ ಮೊದಲನೆಯದರ ಅಳತೆ ಬದಲಾಯಿಸುವುದು ಕಷ್ಟ, ಎರಡನೆಯದರದು ಅಸಾಧ್ಯವೇ ಸರಿ. ಸುತ್ತಲೂ ಹರಳು ಕೂರಿಸಿದವುಗಳದ್ದೂ ಇದೇ ಪಾಡು. ಹೀಗಾಗಿ ಎರಡೂ ಕೈಗಳ ಅಳತೆಯನ್ನು ಸಂಜೆಯ ಹೊತ್ತಿನಲ್ಲಿ ತೆಗೆಸಿ, ಮೊದಲು ದೊಡ್ಡ ಅಳತೆಗೇ ಮಾಡಿಸಿ, ಚಿಕ್ಕ ಬೆರಳಿನಲ್ಲಿರುವಷ್ಟು ಕಾಲ ಒಳಗೆ ತೆಳುವಾದ ಬಿಗಿಪಟ್ಟಿ ಹಾಕಿಸಿಕೊಳ್ಳಬಹುದು. ಇಲ್ಲವೇ ಚಿನ್ನದ್ದನ್ನೋ ಬೆಳ್ಳಿಯದನ್ನೋ ಆರಿಸಿ, ಉಂಗುರದ ಹಿಂಭಾಗದಲ್ಲಿ ಹರಳೂ ಕೆತ್ತನೆಯೂ ಇಲ್ಲದ ಒಂದಿಷ್ಟು ಜಾಗವನ್ನು ಖಾಲಿ ಬಿಡಿಸಿಕೊಂಡರೆ, ಮುಂದೆ ಅಕ್ಕಸಾಲಿಗರು ಅಲ್ಲಿಯೇ ಕತ್ತರಿಸಿ ಬೆಸೆದು ಕೊಡುತ್ತಾರೆ.